ಬಡಾವಣೆಯ ಖಾಲಿ ನಿವೇಶನದಲ್ಲಿ ಸಮುದಾಯ ತೋಟ: ಕ್ರಿಕೆಟ್ ಆಡುವ ಹುಡುಗರನ್ನು ಹೊರಗಟ್ಟದೆ ಮಾಡುವುದು ಹೇಗೆ?

ಪ್ರಶ್ನೆ: ಬನಶಂಕರಿ ನಿವಾಸಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಬನಶಂಕರಿ ಆರನೇ ಹಂತದಲ್ಲಿ, ತುರಹಳ್ಳಿ ಕಾಡಿನಿಂದ ಹೆಚ್ಚು ದೂರವಿಲ್ಲದ ನಮ್ಮ ಬಡಾವಣೆಯಲ್ಲಿ, ಸುಮಾರು ಹತ್ತು ಗುಂಟೆ ವಿಸ್ತಾರದ ಸಿ.ಎ. (ನಾಗರಿಕ ಸೌಲಭ್ಯದ) ನಿವೇಶನವೊಂದು ಬಹಳ ವರ್ಷಗಳಿಂದ ಖಾಲಿ ಬಿದ್ದಿದೆ. ಒಂದು ಮೂಲೆಯಲ್ಲಿ ಮನೆ ಕಟ್ಟಿಸಿದವರು ರಾತ್ರೋರಾತ್ರಿ ತಂದು ಸುರಿದ ಇಟ್ಟಿಗೆ ಚೂರು, ಒಣಗಿದ ಗಾರೆ, ಒಡೆದ ಟೈಲ್ಸ್‌ಗಳ ರಾಶಿಯಿದೆ. ಇನ್ನೊಂದು ಅಂಚಿನಲ್ಲಿ ಪಾರ್ಥೇನಿಯಂ ಎದೆಯೆತ್ತರ ಬೆಳೆದು ನಿಂತಿದೆ. ನಡುವಿನ ಸಮತಟ್ಟಾದ ಜಾಗದಲ್ಲಿ ಸಂಜೆ ಹೊತ್ತು ಮತ್ತು ಭಾನುವಾರಗಳಂದು ಸುತ್ತಲಿನ ಹುಡುಗರು ಕ್ರಿಕೆಟ್ ಆಡುತ್ತಾರೆ.

ನಮ್ಮ ನಿವಾಸಿಗಳ ಸಂಘದ ಕಳೆದ ಸಭೆಯಲ್ಲಿ, ಈ ಜಾಗವನ್ನು ಹಸನು ಮಾಡಿ ಎಲ್ಲರೂ ಸೇರಿ ಸೊಪ್ಪು ತರಕಾರಿ ಬೆಳೆಯೋಣ ಎಂಬ ಮಾತು ಬಂತು. ಹಿರಿಯರಲ್ಲಿ ಬಹುತೇಕರು ಒಪ್ಪಿದರು. ಆದರೆ ಕೆಲವರು ಸುತ್ತಲೂ ಬೇಲಿ ಹಾಕಿ ಬೀಗ ಜಡಿಯಬೇಕು, ಹಾಗೆ ಮಾಡಿದರೆ ಹುಡುಗರ ಗಲಾಟೆಯೂ ತಪ್ಪುತ್ತದೆ ಎಂದರು. ಈ ಮಾತಿಗೆ ನನ್ನ ಮನಸ್ಸು ಒಪ್ಪುತ್ತಿಲ್ಲ. ತರಕಾರಿ ತಳ್ಳುಗಾಡಿಯಲ್ಲಿಯೂ ಸಿಗುತ್ತದೆ. ಒಂದೇ ರಸ್ತೆಯಲ್ಲಿ ವರ್ಷಗಟ್ಟಲೆ ಬಾಳಿದವರಿಗೆ ಎದುರು ಮನೆಯವರ ಹೆಸರು ಗೊತ್ತಿಲ್ಲದಿರುವುದು, ಮಕ್ಕಳು ದೊಡ್ಡವರಾಗುತ್ತಿದ್ದಂತೆ ಹಿರಿಯರೊಂದಿಗೆ ಮಾತನ್ನೇ ಬಿಟ್ಟುಬಿಡುವುದು, ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ವಾಸವಿರುವ ಕಾವಲುಗಾರರ ಕುಟುಂಬಗಳನ್ನು ನಾವು ಯಾವುದಕ್ಕೂ ಕರೆಯದೇ ಇರುವುದು, ಇವುಗಳಿಗೆ ಈ ತೋಟದಿಂದ ಏನಾದರೂ ದಾರಿಯಾದೀತೇ ಎಂಬುದು ನನ್ನ ಆಸೆ.

ಹೀಗಾಗಿ ಅನುಭವಸ್ಥರನ್ನು ಕೇಳುತ್ತಿದ್ದೇನೆ. ಇಂಥ ಜಾಗದಲ್ಲಿ ತೋಟ ಮಾಡಲು ಯಾರ ಒಪ್ಪಿಗೆ ಬೇಕು? ಗಾರೆ ಬಿದ್ದ ನೆಲದಲ್ಲಿ ಬೆಳೆದದ್ದನ್ನು ಮಕ್ಕಳಿಗೆ ಉಣಿಸಬಹುದೇ? ಎಲ್ಲಕ್ಕಿಂತ ಮುಖ್ಯವಾಗಿ, ಆಟದ ಜಾಗವನ್ನು ಕಿತ್ತುಕೊಂಡರು ಎಂಬ ಭಾವನೆ ಬಾರದಂತೆ ಹರೆಯದವರನ್ನು ಇದರೊಳಗೆ ತರುವುದು ಹೇಗೆ?

ಉತ್ತರ 1: ಜಯನಗರದ ವಕೀಲ

ತಮ್ಮ ಮೂರನೆಯ ಪ್ರಶ್ನೆಗೆ ಉತ್ತರಿಸಲು ನನಗಿಂತ ಸಮರ್ಥರು ಇಲ್ಲಿದ್ದಾರೆ. ನಾನು ಕಾಗದಪತ್ರದ ವಿಷಯಕ್ಕೆ ಸೀಮಿತನಾಗುತ್ತೇನೆ.

ಮೊದಲು ಬಡಾವಣೆಯ ಮಂಜೂರಾದ ನಕ್ಷೆಯನ್ನು ತೆಗೆಸಿ, ಆ ಜಾಗವನ್ನು ಉದ್ಯಾನವೆಂದು ಗುರುತಿಸಲಾಗಿದೆಯೇ, ನಾಗರಿಕ ಸೌಲಭ್ಯದ ನಿವೇಶನವೆಂದು ಗುರುತಿಸಲಾಗಿದೆಯೇ ಎಂದು ನೋಡಿ. ಎರಡಕ್ಕೂ ವ್ಯತ್ಯಾಸವಿದೆ. ಉದ್ಯಾನವಾಗಿದ್ದರೆ ಅದಕ್ಕೆ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯ ರಕ್ಷಣೆ ದೊರೆಯುತ್ತದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ತೀರ್ಪು ನೀಡಿತು. ನಿವಾಸಿಗಳಿಗೆ ಅದನ್ನು ಪ್ರಶ್ನಿಸುವ ಹಕ್ಕಿದೆ ಎಂದು ಅದೇ ತೀರ್ಪಿನಲ್ಲಿ ಹೇಳಿತು. ಬಯಲು ಜಾಗದ ಬಗ್ಗೆ ಕಾಳಜಿಯುಳ್ಳ ಪ್ರತಿಯೊಬ್ಬ ಬೆಂಗಳೂರಿಗನೂ ಓದಬೇಕಾದ ತೀರ್ಪು ಅದು.

ಸಿ.ಎ. ನಿವೇಶನವಾದರೆ, 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯ ಪ್ರಕಾರ ಅದನ್ನು ನಾಗರಿಕ ಸೌಲಭ್ಯಕ್ಕಲ್ಲದೆ ಬೇರೆ ಉದ್ದೇಶಕ್ಕೆ ಕೊಡುವಂತಿಲ್ಲ. ಆದರೆ ನಾಳೆ ಶಾಲೆಗೋ ಆಸ್ಪತ್ರೆಗೋ ಗುತ್ತಿಗೆಗೆ ಹಂಚಿಕೆಯಾದರೆ ತಾವು ತೆರವು ಮಾಡಬೇಕಾಗುತ್ತದೆ. ಆದ್ದರಿಂದ ಬಾಯಿಮಾತಿನ ಭರವಸೆಯನ್ನು ನಂಬಿಕೊಂಡು ಮಣ್ಣು ತರಿಸಬೇಡಿ. ನಿಮ್ಮ ಸಂಘವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರಲಿ (ಏಳು ಮಂದಿ ಸದಸ್ಯರಿದ್ದರೆ ಸಾಕು), ಆ ಸಂಘದ ಹೆಸರಿನಲ್ಲಿ ತಾತ್ಕಾಲಿಕ ಬಳಕೆಗೆ ಪ್ರಾಧಿಕಾರದಿಂದ ಲಿಖಿತ ಅನುಮತಿ ಕೇಳಿ. ಪಕ್ಕಾ ಕಟ್ಟಡ, ಕಾಂಕ್ರೀಟ್ ತೊಟ್ಟಿ ಯಾವುದೂ ಬೇಡ. ಮಾವು, ಹಲಸಿನಂಥ ದೀರ್ಘಾಯುಷ್ಯದ ಮರಗಳನ್ನು ನೆಡುವ ಮೊದಲೂ ಯೋಚಿಸಿ. ಬೆಳೆದ ಮರವನ್ನು ಕಡಿಯಲು ಸಾಮಾನ್ಯವಾಗಿ 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕಾಗುತ್ತದೆ, ಮುಂದೆ ಜಾಗ ಬಿಟ್ಟುಕೊಡುವ ಹೊತ್ತಿಗೆ ಅದೇ ಒಂದು ವ್ಯಾಜ್ಯವಾಗುತ್ತದೆ. ವಾರ್ಷಿಕ ಬೆಳೆಗಳು, ಪಪ್ಪಾಯಿ, ಬಾಳೆ ಇವಿಷ್ಟಕ್ಕೆ ತೃಪ್ತರಾಗುವುದು ಒಳ್ಳೆಯದು.

ಉತ್ತರ 2: ಬ್ರೂಕ್ಲಿನ್‌ನಲ್ಲಿರುವ ಕನ್ನಡಿಗ

ವಕೀಲರು ಹೇಳಿದ ಅನುಮತಿಯ ಮಾತನ್ನು ನ್ಯೂಯಾರ್ಕ್ ನಗರ ಬಹಳ ಕಷ್ಟಪಟ್ಟು ಕಲಿಯಿತು. 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ಮತ್ತು ಅವರ ನೆರೆಹೊರೆಯವರು ಮ್ಯಾನ್‌ಹ್ಯಾಟನ್ನಿನ ಬೌರಿ ಮತ್ತು ಹೌಸ್ಟನ್ ರಸ್ತೆಗಳು ಕೂಡುವಲ್ಲಿದ್ದ ಕಸದ ನಿವೇಶನವನ್ನು ಶುಚಿಮಾಡಿ ತೋಟ ಮಾಡಿದರು. ನಗರಾಡಳಿತ 1978ರಲ್ಲಿ ಗ್ರೀನ್‌ಥಂಬ್ ಎಂಬ ಯೋಜನೆಯನ್ನು ಆರಂಭಿಸಿ, ಪಾಳುಬಿದ್ದ ನಿವೇಶನಗಳನ್ನು ನೆರೆಯವರಿಗೆ ನಾಮಮಾತ್ರದ ಬಾಡಿಗೆಗೆ ಕೊಡತೊಡಗಿತು. ತೋಟಗಳು ನೂರಾರಾದವು. ಜಮೀನಿನ ಬೆಲೆ ಏರಿದ ಮೇಲೆ, 1999ರಲ್ಲಿ, ಅದೇ ನಗರಾಡಳಿತ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಟ್ಟಿತು. ಜನ ಬೀದಿಗಿಳಿದರು, ಕೊನೆಯ ಗಳಿಗೆಯಲ್ಲಿ ಎರಡು ಲಾಭರಹಿತ ಸಂಸ್ಥೆಗಳು ಹಣ ಕೂಡಿಸಿ ಆ ತೋಟಗಳನ್ನು ಕೊಂಡು ಉಳಿಸಿದವು. ಅಂಥ ಸಂಸ್ಥೆ ಎಲ್ಲ ಊರಿಗೂ ಸಿಗುವುದಿಲ್ಲ.

ಹರೆಯದವರ ವಿಷಯಕ್ಕೆ ಬಂದರೆ, ಅದೇ ನಗರದ ಬ್ರೂಕ್ಲಿನ್ ಭಾಗದ ಎರಡು ತೋಟಗಳ ಬಗ್ಗೆ ಹೇಳಬೇಕು. ರೆಡ್ ಹುಕ್ ಎಂಬ ಬಂದರು ಪ್ರದೇಶದಲ್ಲಿ ಬಳಕೆ ತಪ್ಪಿದ ಡಾಂಬರು ಹಾಸಿದ ಆಟದ ಮೈದಾನವೊಂದಿತ್ತು. 2003ರಲ್ಲಿ ಅಲ್ಲಿ ಡಾಂಬರನ್ನು ಅಗೆಯುವ ಗೋಜಿಗೆ ಹೋಗದೆ, ಅದರ ಮೇಲೆಯೇ ಕಾಂಪೋಸ್ಟ್ ಗೊಬ್ಬರವನ್ನು ದಪ್ಪವಾಗಿ ಹರಡಿ ಸಾಲು ಮಾಡಿ ತರಕಾರಿ ಬೆಳೆದರು. ಸುತ್ತಲಿನ ಸರ್ಕಾರಿ ವಸತಿ ಸಮುಚ್ಚಯದ ಬಡ ಕುಟುಂಬಗಳ ಹದಿಹರೆಯದವರು ಅದರ ಕೆಲಸದ ಬೆನ್ನೆಲುಬು. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬಂದು ಸಮುದ್ರದ ನೀರು ನುಗ್ಗಿ ಬೆಳೆಯೆಲ್ಲ ಹಾಳಾದಾಗಲೂ ತೋಟ ಮತ್ತೆ ಎದ್ದಿತು.

ಎರಡನೆಯದು ಈಸ್ಟ್ ನ್ಯೂಯಾರ್ಕ್ ಎಂಬ ಭಾಗದಲ್ಲಿ 1998ರಲ್ಲಿ ಆರಂಭವಾದ ಯೋಜನೆ. ಅಲ್ಲಿ ಶಾಲಾ ಮಕ್ಕಳನ್ನು ಒಂದು ಋತುವಿನ ಪೂರ್ತಿ ತೆಗೆದುಕೊಂಡು, ಗೌರವಧನ ಕೊಟ್ಟು, ಬಿತ್ತನೆಯಿಂದ ಹಿಡಿದು ವಾರದ ಸಂತೆಯಲ್ಲಿ ತಕ್ಕಡಿ ಹಿಡಿದು ಮಾರುವವರೆಗೆ ಎಲ್ಲವನ್ನೂ ಅವರಿಂದ ಮಾಡಿಸುತ್ತಾರೆ. ಅಲ್ಲಿನ ಹಿರಿಯ ತೋಟಗಾರರಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದವರೂ ಬಾಂಗ್ಲಾದೇಶದವರೂ ಬಹಳ. ಅವರು ಬೆಳೆಯುವ ಹಾಗಲ, ಅಲಸಂದೆ, ದಂಟಿನ ಜಾತಿಯ ಸೊಪ್ಪು ನಮ್ಮ ಅಡುಗೆಮನೆಯವೇ. ಆ ಬೆಳೆಗಳ ಜ್ಞಾನ ಯಾರಲ್ಲಿದೆಯೋ ಅವರೇ ಅಲ್ಲಿ ಗುರುಗಳು. ಅವರ ಇಂಗ್ಲಿಷ್ ಎಷ್ಟಿದೆ, ಕೆಲಸ ಏನು ಎಂದು ಯಾರೂ ಕೇಳುವುದಿಲ್ಲ. ತಾವು ಕಾವಲುಗಾರರ ಕುಟುಂಬಗಳ ಬಗ್ಗೆ ಬರೆದದ್ದನ್ನು ಓದಿದಾಗ ನನಗೆ ಇದೇ ನೆನಪಾಯಿತು. ಯಾದಗಿರಿ, ರಾಯಚೂರುಗಳಿಂದ ಬಂದವರಾಗಿದ್ದರೆ ಅವರಲ್ಲಿ ಹೆಚ್ಚಿನವರು ಜೋಳ, ತೊಗರಿ ಬೆಳೆದು ಬಂದವರೇ ಆಗಿರುತ್ತಾರೆ. ಬಡಾವಣೆಯಲ್ಲಿ ನಿಜವಾಗಿ ಒಕ್ಕಲುತನ ಬಲ್ಲವರು ಅವರು. ಅವರನ್ನು ಅಗೆಯಲು ಮಾತ್ರ ಕರೆಯದೆ, ಹೇಳಿಕೊಡಲು ಕರೆಯಿರಿ.

ಬೀಗದ ವಿಷಯದಲ್ಲಿ ಒಂದು ಮಾತು. ಗ್ರೀನ್‌ಥಂಬ್ ತೋಟಗಳಿಗೆ ಬೇಲಿ, ಬೀಗ ಎರಡೂ ಇರುತ್ತವೆ. ಆದರೆ ಬೆಳೆಯ ಋತುವಿನಲ್ಲಿ ವಾರಕ್ಕೆ 20 ಗಂಟೆಯಾದರೂ ಗೇಟು ಎಲ್ಲರಿಗೂ ತೆರೆದಿರಬೇಕು, ಆ ವೇಳೆಯನ್ನು ಗೇಟಿನ ಮೇಲೆ ಬರೆದು ಹಾಕಿರಬೇಕು ಎಂಬ ನಿಯಮವಿದೆ. ತಮ್ಮ ಹಿರಿಯರ ಆತಂಕಕ್ಕೂ ತಮ್ಮ ಆಸೆಗೂ ನಡುವಿನ ದಾರಿ ಇದೇ ಎಂದು ನನಗನ್ನಿಸುತ್ತದೆ.

ಉತ್ತರ 3: ಹೆಬ್ಬಾಳದ ಕೃಷಿ ಪದವೀಧರೆ

ಮಣ್ಣಿನ ಬಗ್ಗೆ ತಾವು ಕೇಳಿದ್ದು ಬಹಳ ಒಳ್ಳೆಯದಾಯಿತು. ಗಾರೆ ಮತ್ತು ಸಿಮೆಂಟಿನ ಸುಣ್ಣದಂಶ ಮಣ್ಣನ್ನು ಕ್ಷಾರಗೊಳಿಸುತ್ತದೆ. ಅಂಥ ನೆಲದಲ್ಲಿ ಗಿಡಕ್ಕೆ ಕಬ್ಬಿಣದಂಶ ಸಿಗದೆ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತವೆ. ಅದಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದದ್ದು ಸೀಸದ ಬಗ್ಗೆ. ಹಳೆಯ ಬಣ್ಣದ ಚೂರುಗಳಲ್ಲಿ ಸೀಸವಿರಬಹುದು. ನಮ್ಮಲ್ಲಿ 2000ನೇ ಇಸವಿಯವರೆಗೂ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದುದರಿಂದ ಹಳೆಯ ಮುಖ್ಯ ರಸ್ತೆಗಳ ಅಂಚಿನ ಮಣ್ಣಿನಲ್ಲಿ ಅದು ಇನ್ನೂ ಉಳಿದಿರುತ್ತದೆ, ಏಕೆಂದರೆ ಸೀಸ ಕೊಳೆಯುವ ವಸ್ತುವಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ಸಾಮಾನ್ಯ ಪರೀಕ್ಷೆಯಲ್ಲಿ ಸೀಸ ಸೇರಿರುವುದಿಲ್ಲವಾದ್ದರಿಂದ ಅದನ್ನು ಪ್ರತ್ಯೇಕವಾಗಿ ಕೇಳಿ.

ಪರೀಕ್ಷೆಯ ಫಲ ಏನೇ ಬರಲಿ, ಆ ನೆಲದಲ್ಲಿ ನೇರವಾಗಿ ಬಿತ್ತುವುದಕ್ಕಿಂತ ಏರುಮಡಿ ಮಾಡುವುದೇ ಲೇಸು. ಮಡಿಯ ಅಗಲ ನಾಲ್ಕು ಅಡಿ ಮೀರದಿದ್ದರೆ ಎರಡೂ ಬದಿಯಿಂದ ಕೈ ನಡುವಿಗೆ ತಲುಪುತ್ತದೆ, ಯಾರೂ ಮಡಿಯ ಮೇಲೆ ಕಾಲಿಡಬೇಕಾಗುವುದಿಲ್ಲ. ಎತ್ತರ ಒಂದು ಅಡಿಯಾದರೂ ಇರಲಿ. ಮಕ್ಕಳು ಮತ್ತು ಮಂಡಿನೋವಿನ ಹಿರಿಯರು ಕೆಲಸ ಮಾಡುವ ಒಂದೆರಡು ಮಡಿಗಳನ್ನು, ಸುತ್ತ ಇಟ್ಟಿಗೆ ಜೋಡಿಸಿ, ಎರಡೂವರೆ ಅಡಿಗೆ ಏರಿಸಬಹುದು. ಅದಕ್ಕೆ ನಿಮ್ಮ ಮೂಲೆಯ ರಾಶಿಯಲ್ಲಿರುವ ಬಣ್ಣವಿಲ್ಲದ ಇಟ್ಟಿಗೆಗಳೇ ಆಗುತ್ತವೆ.

ಗೊಬ್ಬರವನ್ನು ಕೊಳ್ಳಬೇಕಾಗಿಲ್ಲ. ಜನವರಿಯಿಂದ ಮಾರ್ಚಿನವರೆಗೆ ಹೊಂಗೆ, ರೈನ್‌ಟ್ರೀಗಳು ಉದುರಿಸುವ ಎಲೆಯನ್ನು ನಮ್ಮೂರಿನಲ್ಲಿ ಗುಡಿಸಿ ಬೆಂಕಿಯಿಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕೋಳಿಬಲೆಯನ್ನು ನಾಲ್ಕಡಿ ಎತ್ತರಕ್ಕೆ ಸುತ್ತಿ ನಿಲ್ಲಿಸಿ, ಅದರೊಳಗೆ ಒಣ ಎಲೆ ತುಂಬುತ್ತ, ನಡುನಡುವೆ ಸಗಣಿ ಬಗ್ಗಡವನ್ನೋ ಹುಳಿ ಮಜ್ಜಿಗೆಯನ್ನೋ ಚಿಮುಕಿಸುತ್ತ ತೇವ ಕಾಪಾಡಿದರೆ ಮೂರು ನಾಲ್ಕು ತಿಂಗಳಲ್ಲಿ ಕಪ್ಪು ಗೊಬ್ಬರ ಸಿದ್ಧ. ಅಡುಗೆಮನೆಯ ಹಸಿ ಕಸ ಸೇರಿಸುವುದಾದರೆ ಪ್ರತಿ ಪದರದ ಮೇಲೂ ಅದರ ಎರಡರಷ್ಟು ಒಣ ಎಲೆ ಬೀಳಲಿ. ವಾಸನೆಯ ದೂರು ಬರುವುದು ಇಷ್ಟನ್ನು ಮಾಡದಿದ್ದಾಗ. ಪಾರ್ಥೇನಿಯಂ ಅನ್ನು ಹೂವಾಗುವ ಮೊದಲೇ, ಮಳೆ ಬಿದ್ದು ನೆಲ ಮೆತ್ತಗಿರುವಾಗ, ಕೈಗವಸು ಹಾಕಿಕೊಂಡು ಬೇರುಸಹಿತ ಕೀಳಿ. ಉಬ್ಬಸ, ಚರ್ಮದ ತುರಿಕೆ ಇರುವವರು ಆ ದಿನ ದೂರವಿರಲಿ.

ನೀರು ದೊಡ್ಡ ಪ್ರಶ್ನೆ. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದ್ದು ಎಲ್ಲರಿಗೂ ನೆನಪಿರುತ್ತದೆ. ಬೇಸಿಗೆಯಲ್ಲಿ ತರಕಾರಿ ಮಡಿಗೆ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕು. ಸಾವಿರ ಚದರಡಿಯ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 93 ಲೀಟರ್ ನೀರಾಗುತ್ತದೆ. ಪಕ್ಕದ ಮೂರು ನಾಲ್ಕು ಮನೆಯವರು ತಮ್ಮ ತಾರಸಿಯ ಕೊಳವೆಯನ್ನು ತೋಟದ ಡ್ರಮ್ಮುಗಳ ಕಡೆ ತಿರುಗಿಸಲು ಒಪ್ಪಿದರೆ ಜೂನ್‌ನಿಂದ ನವೆಂಬರಿನವರೆಗೆ ಬಹುಪಾಲು ನಡೆದುಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಡಿಗಳಿಗೆ ಎಲೆಯ ಹೊದಿಕೆ ಹಾಸಿ ಅರ್ಧ ತೋಟಕ್ಕೆ ವಿಶ್ರಾಂತಿ ಕೊಡಿ. ಅಪಾರ್ಟ್‌ಮೆಂಟುಗಳ ಸಂಸ್ಕರಿಸಿದ ನೀರನ್ನು ಹೂಗಿಡಗಳಿಗೆ ಬಳಸಬಹುದು, ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿಗಳಿಗೆ ಬೇಡ.

ಮೊದಲ ಬೆಳೆಗೆ ಮೆಂತ್ಯ, ದಂಟು, ಕೊತ್ತಂಬರಿ, ಮೂಲಂಗಿಗಳನ್ನು ಆರಿಸಿ. ಮೆಂತ್ಯ, ದಂಟು ತಿಂಗಳೊಳಗೆ ಕೊಯ್ಲಿಗೆ ಬರುತ್ತವೆ. ಹರೆಯದವರ ಉತ್ಸಾಹ ಆರುವ ಮೊದಲೇ ಕೈಗೆ ಏನಾದರೂ ಸಿಗಬೇಕು. ಬೆಂಡೆಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ ಒಳ್ಳೆಯದು, ಅದರ ಬೀಜವನ್ನು ಮುಂದಿನ ವರ್ಷಕ್ಕೆ ನೀವೇ ಎತ್ತಿಡಬಹುದು. ಅರ್ಕಾ ರಕ್ಷಕ್ ಟೊಮೇಟೊ ಮೂರು ರೋಗಗಳನ್ನು ತಡೆಯುತ್ತದೆಯಾದರೂ ಹೈಬ್ರಿಡ್ ಆದ್ದರಿಂದ ಪ್ರತಿ ಸಲ ಹೊಸ ಬೀಜ ತರಬೇಕು. ಅವರೆಯನ್ನಂತೂ ಬಿಡಬೇಡಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷವಿಡೀ ಕಾಯಿ ಬಿಡುತ್ತದೆ. ಆದರೂ ಜುಲೈ, ಆಗಸ್ಟಿನಲ್ಲಿ ನಾಟಿ ಅವರೆಯನ್ನು ಒಂದು ಸಾಲು ಹಾಕಿ, ಡಿಸೆಂಬರಿನ ಚಳಿಯಲ್ಲಿ ಸೊಗಡಿನ ಕಾಯಿ ಕೊಯ್ಯುವ ಸುಖವೇ ಬೇರೆ. ಹಿತಕಿದ ಬೇಳೆ ಮಾಡಲು ಹತ್ತು ಮನೆಯವರು ಒಟ್ಟಿಗೆ ಕುಳಿತು ಬೇಳೆ ಹಿತುಕುವಾಗ ನಡೆಯುವ ಮಾತುಕತೆಯನ್ನು ಯಾವ ಸಭೆಯಲ್ಲಿಯೂ ನಡೆಸಲಾಗದು.

ಮಾರ್ಗದರ್ಶನ ಬೇಕಾದರೆ, ನಗರದಲ್ಲಿ 2011ರಿಂದ ನಡೆಯುತ್ತ ಬಂದಿರುವ 'ಊಟ ಫ್ರಮ್ ಯುವರ್ ತೋಟ' ಮೇಳಕ್ಕೆ ಹೋಗಿ. ತಾರಸಿ ತೋಟದ ಪಾಠವನ್ನು ಬೆಂಗಳೂರಿಗೆ ಹೇಳಿಕೊಟ್ಟ ಡಾ. ಬಿ.ಎನ್. ವಿಶ್ವನಾಥ್ ಅವರ ಪ್ರೇರಣೆಯಿಂದ ಬೆಳೆದ ಬಳಗದ ಮೇಳ ಅದು.

ಉತ್ತರ 4: ಕಾಲೇಜು ವಿದ್ಯಾರ್ಥಿನಿ, ರಾಜಾಜಿನಗರ

ಇಲ್ಲಿ ಬರೆದವರೆಲ್ಲ ನನಗಿಂತ ಹಿರಿಯರು. ಹರೆಯದವರ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಎಂಬುದನ್ನು ತಿಳಿಸಲು ಬರೆಯುತ್ತಿದ್ದೇನೆ.

ಪ್ರಶ್ನೆ ಕೇಳಿದವರು 'ಹುಡುಗರು' ಆಡುತ್ತಾರೆ ಎಂದರು. ಆ ಬಯಲಿನಲ್ಲಿ ಹುಡುಗಿಯರು ಇದ್ದಾರೆಯೇ ಎಂದು ಒಮ್ಮೆ ನೋಡಿ. ಹತ್ತನೇ ತರಗತಿ ದಾಟಿದ ಮೇಲೆ ಬಡಾವಣೆಯ ತೆರೆದ ಜಾಗದಲ್ಲಿ ಸುಮ್ಮನೆ ಅರ್ಧ ಗಂಟೆ ನಿಲ್ಲಲು ನಮ್ಮಂಥವರಿಗೆ ಒಂದು ಕಾರಣ ಬೇಕಾಗುತ್ತದೆ. ಟ್ಯೂಷನ್ನಿಗೆ ಹೋಗುವುದು ಬರುವುದು ಬಿಟ್ಟರೆ ರಸ್ತೆಯಲ್ಲಿ ನಮಗೆ ಬೇರೆ ಕೆಲಸವೇ ಇಲ್ಲವೆಂದು ಮನೆಯವರು ಎಣಿಸುತ್ತಾರೆ. ತೋಟ ಅಂಥ ಒಂದು ಕಾರಣವಾಗಬಲ್ಲದು. ನಮ್ಮ ಬಡಾವಣೆಯ ಚಿಕ್ಕ ತೋಟಕ್ಕೆ ನಾನು ಹೋಗತೊಡಗಿದ್ದು ಅಜ್ಜಿಯ ಜೊತೆಗೆ. ಈಗ ಅಜ್ಜಿ ಬಾರದ ದಿನವೂ ಹೋಗುತ್ತೇನೆ, ಯಾರೂ ಏಕೆಂದು ಕೇಳುವುದಿಲ್ಲ.

ಕ್ರಿಕೆಟ್ ಪಿಚ್ಚನ್ನು ದಯವಿಟ್ಟು ಮುಟ್ಟಬೇಡಿ. ಹತ್ತು ಗುಂಟೆಯಲ್ಲಿ ಮೂರು ಗುಂಟೆಯಷ್ಟು ಮಡಿ ಮಾಡಿದರೂ ಮೊದಲ ವರ್ಷಕ್ಕೆ ಹೆಚ್ಚೇ. ಮಡಿಗಳು ಗಾರೆ ರಾಶಿಯಿರುವ ಮೂಲೆ ಮತ್ತು ಪಾರ್ಥೇನಿಯಂ ಅಂಚಿನಲ್ಲಿಯೇ ಬರಲಿ. ಹಾಗೆ ಮಾಡಿದರೆ ಹುಡುಗರಿಗೆ ಜಾಗ ಹೋಗುವುದಿಲ್ಲ, ಚೆಂಡು ಹುಡುಕುವ ಪೊದೆ ಹೋಗಿ ಆಟದ ಜಾಗ ಇನ್ನಷ್ಟು ಶುಚಿಯಾಗುತ್ತದೆ. ಪಿಚ್ಚಿಗೂ ಮಡಿಗೂ ನಡುವೆ ಬಿದಿರಿನ ಗಳಗಳಿಗೆ ಬಲೆ ಕಟ್ಟಿ, ಅದರ ಮೇಲೆ ಹಾಗಲ, ಪಡುವಲ, ಅಲಸಂದೆ ಬಳ್ಳಿ ಹಬ್ಬಿಸಿ. ಚೆಂಡೂ ನಿಲ್ಲುತ್ತದೆ.

ಹಿರಿಯರು ಸಾಮಾನ್ಯವಾಗಿ ನಮ್ಮನ್ನು ಕರೆಯುವುದು ಮಣ್ಣು ಹೊರಲು, ಗುಂಡಿ ತೆಗೆಯಲು, ಆಮೇಲೆ ಗುಂಪಿನ ಫೋಟೊಗೆ ನಿಲ್ಲಲು. ಏನು ಬೆಳೆಯಬೇಕು, ಯಾರಿಗೆ ಎಷ್ಟು ಪಾಲು, ಹಣ ಎಲ್ಲಿ ಖರ್ಚಾಯಿತು ಎಂಬ ಮಾತು ಬರುವ ಸಭೆಗೆ ಕರೆಯುವುದಿಲ್ಲ. ಒಂದೆರಡು ಭಾನುವಾರ ಕಳೆದ ಮೇಲೆ ಹರೆಯದವರು ನಾಪತ್ತೆಯಾಗುವುದು ಸೋಮಾರಿತನದಿಂದ ಅಲ್ಲ, ತಮ್ಮ ಮಾತಿಗೆ ಅಲ್ಲಿ ಬೆಲೆಯಿಲ್ಲ ಎಂದು ತಿಳಿದದ್ದರಿಂದ. ನಮ್ಮ ತೋಟದಲ್ಲಿ ಮೂರು ವಸ್ತುಗಳು ಹರೆಯದವರ ಕೈಯಲ್ಲಿವೆ: ನಲ್ಲಿಯ ಬೀಗದ ಕೈ, ತಕ್ಕಡಿ ಮತ್ತು ಲೆಕ್ಕದ ಪುಸ್ತಕ. ಯಾವ ದಿನ ಎಷ್ಟು ಸೊಪ್ಪು ಕಿತ್ತರು, ಯಾರು ಒಯ್ದರು, ಎಷ್ಟು ಮಾರಿದರು ಎಂಬುದನ್ನು ಆ ಪುಸ್ತಕದಲ್ಲಿ ಬರೆಯುವವಳು ಪಿಯುಸಿ ಓದುತ್ತಿರುವ ಹುಡುಗಿ. ಸಂಘದ ಅಧ್ಯಕ್ಷರಾದರೂ ಅವಳ ಬಳಿ ತೂಗಿಸಿ ಬರೆಸಿಯೇ ಕಟ್ಟು ಒಯ್ಯಬೇಕು.

ಇನ್ನೊಂದು ವಿಷಯ. ನಿಮ್ಮ ಬಡಾವಣೆಯಲ್ಲಿ ಗಣೇಶನನ್ನು ಕೂರಿಸುವ, ರಾಜ್ಯೋತ್ಸವ ಮಾಡುವ ಗೆಳೆಯರ ಬಳಗವೊಂದು ಇದ್ದೇ ಇರುತ್ತದೆ, ಬಹುಶಃ ಕ್ರಿಕೆಟ್ ಆಡುವವರೇ ಅದರಲ್ಲಿರುತ್ತಾರೆ. ಚಂದಾ ಎತ್ತುವುದು, ಪೆಂಡಾಲ್ ಹಾಕಿಸುವುದು, ಪ್ರಸಾದ ಹಂಚುವುದು ಇವೆಲ್ಲವನ್ನೂ ನಿಭಾಯಿಸುವ ಅವರಿಗೆ ಸಂಘಟನೆ ಹೇಳಿಕೊಡಬೇಕಾಗಿಲ್ಲ. ಒಬ್ಬೊಬ್ಬರನ್ನೇ ಕರೆಯುವುದರ ಬದಲು ಇಡೀ ಬಳಗಕ್ಕೆ ಒಂದು ಪಾತಿ ಒಪ್ಪಿಸಿ. ಜುಲೈ ಕೊನೆಯಲ್ಲಿ ಚೆಂಡುಹೂವಿನ ಸಸಿ ನೆಟ್ಟರೆ ಆಯುಧಪೂಜೆಯ ಹೊತ್ತಿಗೆ ಹೂವು ತುಂಬಿರುತ್ತದೆ. ಆ ವಾರ ಊರಿನಲ್ಲಿ ಹೂವಿನ ಬೆಲೆ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಬಂದ ಹಣದಲ್ಲಿ ಬ್ಯಾಟೋ ವಿಕೆಟ್ಟೋ ಕೊಳ್ಳುವುದನ್ನು ಬಳಗವೇ ತೀರ್ಮಾನಿಸಲಿ, ಹಿರಿಯರು ತಡೆಯದಿರಲಿ. ಕಾಲೇಜಿನವರಿಗೆ ಎನ್.ಎಸ್.ಎಸ್.ನಲ್ಲಿ ವರ್ಷಕ್ಕೆ 120 ಗಂಟೆಗಳ ಸೇವೆ ಮಾಡಬೇಕಿರುತ್ತದೆ. ಹತ್ತಿರದ ಕಾಲೇಜಿನ ಕಾರ್ಯಕ್ರಮಾಧಿಕಾರಿಯನ್ನು ಕಂಡು ಮಾತನಾಡಿದರೆ ತೋಟದ ಕೆಲಸವನ್ನು ಅದರಲ್ಲಿ ಸೇರಿಸಬಹುದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪರೀಕ್ಷೆಯ ಕಾಲ. ಆಗ ನಮ್ಮನ್ನು ನಿರೀಕ್ಷಿಸಬೇಡಿ, ಬಾರದಿದ್ದುದಕ್ಕೆ ಬೇಸರವನ್ನೂ ಮಾಡಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರ ಮರುಮಾತು: ಬನಶಂಕರಿ ನಿವಾಸಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಪಿಚ್ಚನ್ನು ಉಳಿಸಿಕೊಂಡು ಅಂಚುಗಳಲ್ಲಿ ಮಾತ್ರ ಮಡಿ ಮಾಡುವ ಸಲಹೆಯನ್ನು ಸಂಘದವರ ಮುಂದಿಟ್ಟೆ. ಬೀಗದ ಪರವಾಗಿದ್ದವರಲ್ಲಿ ಇಬ್ಬರು ತೆರೆದ ವೇಳೆಯ ಫಲಕಕ್ಕೆ ಒಪ್ಪಿದ್ದಾರೆ. ಅನುಮತಿಯ ಅರ್ಜಿಯನ್ನು ಬರೆಯುತ್ತಿದ್ದೇವೆ. ಮುಂದಿನ ಸಭೆಯನ್ನು ಸಂಘದ ಕೋಣೆಯಲ್ಲಿ ಸೇರಿಸದೆ ಆ ಬಯಲಿನಲ್ಲಿಯೇ, ಆಟ ಮುಗಿದ ಮೇಲೆ ಸೇರಿಸುವುದೆಂದು ನಿರ್ಧರಿಸಿದ್ದೇವೆ. ಗೆಳೆಯರ ಬಳಗದವರಿಗೂ ಕಾವಲುಗಾರರ ಮನೆಯವರಿಗೂ ಮನೆಮನೆಗೆ ಹೋಗಿ ಹೇಳುತ್ತೇನೆ.

ಎರಡು ಸಂದೇಹಗಳು ಉಳಿದಿವೆ. ಫಸಲನ್ನು ಹೇಗೆ ಹಂಚಬೇಕು? ತುರಹಳ್ಳಿಯ ಕಡೆಯಿಂದ ನವಿಲುಗಳು ಬರುತ್ತವೆ, ಸಸಿ ಉಳಿಸಿಕೊಳ್ಳುವುದು ಹೇಗೆ?

ಉತ್ತರ 5: ಹೆಬ್ಬಾಳದ ಕೃಷಿ ಪದವೀಧರೆ

ಹಂಚಿಕೆಗೆ ನಾನು ಕಂಡ ಒಳ್ಳೆಯ ಪದ್ಧತಿಯೆಂದರೆ, ಅರ್ಧದಷ್ಟು ಮಡಿಗಳನ್ನು ಮನೆಗಳಿಗೆ ಹಂಚಿ, ಉಳಿದರ್ಧವನ್ನು ಸಾಮೂಹಿಕವಾಗಿ ಇಟ್ಟುಕೊಳ್ಳುವುದು. ಮನೆಯ ಮಡಿಯ ಬೆಳೆ ಆ ಮನೆಯವರದು. ಸಾಮೂಹಿಕ ಮಡಿಯದು ಆ ವಾರ ಕೆಲಸಕ್ಕೆ ಬಂದವರಿಗೆಲ್ಲ ಸಮಪಾಲು, ಅವರು ಸ್ವಂತ ಮನೆಯವರಿರಲಿ, ಬಾಡಿಗೆಯವರಿರಲಿ, ಶೆಡ್ಡಿನವರಿರಲಿ. ಶೆಡ್ಡಿನ ಕುಟುಂಬಗಳಿಗೂ ಒಂದೊಂದು ಮಡಿ ಕೊಡಿ. ಹೇಳಿಕೊಡುವುದಕ್ಕೆಂದು ಒಬ್ಬರನ್ನು ನಿಯತವಾಗಿ ಕರೆಯುವುದಾದರೆ ಅವರ ದಿನದ ಕೂಲಿಯನ್ನೂ ಕೊಡಿ. ದುಡಿಮೆಯ ದಿನ ಬಿಟ್ಟು ಬರುವವರಿಂದ ಉಚಿತ ಸೇವೆ ಕೇಳುವುದು ನ್ಯಾಯವಲ್ಲ.

ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪೂರ್ಣ ರಕ್ಷಣೆಯಲ್ಲಿರುವ ಪಕ್ಷಿ. ಉರುಳು, ವಿಷದ ಕಾಳು, ಪಟಾಕಿ ಯಾವುದೂ ಕೂಡದು. ಅದು ಹೆಚ್ಚು ಹಾನಿ ಮಾಡುವುದು ಮೊಳಕೆಯಿಂದ ನಾಲ್ಕೆಲೆ ಆಗುವವರೆಗೆ. ಆ ಎರಡು ಮೂರು ವಾರ ಮಡಿಯ ಮೇಲೆ ಬಿದಿರಿನ ಸೀಳುಗಳನ್ನು ಬಿಲ್ಲಿನಂತೆ ಬಾಗಿಸಿ ನೆರಳುಬಲೆ ಹೊದಿಸಿ, ಬಲೆಯ ಅಂಚನ್ನು ಇಟ್ಟಿಗೆಯಿಂದ ಬಿಗಿಮಾಡಿ. ಸಡಿಲವಾಗಿ ಬಿಟ್ಟ ನೈಲಾನ್ ಬಲೆಯಲ್ಲಿ ಹಕ್ಕಿಗಳೂ ಹಾವುಗಳೂ ಸಿಕ್ಕಿಕೊಳ್ಳುತ್ತವೆ. ಹಾವಿನ ಮಾತು ಬಂದದ್ದರಿಂದ ಹೇಳುತ್ತೇನೆ: ಗಾರೆ ರಾಶಿ ತೆರವುಗೊಳಿಸುವ ದಿನ ಎಲ್ಲರಿಗೂ ಗಂಬೂಟು, ದಪ್ಪ ಕೈಗವಸು ಇರಲಿ, ಮೊದಲು ಉದ್ದನೆಯ ಕೋಲಿನಿಂದ ರಾಶಿಯನ್ನು ಕೆದಕಿ, ಹಗಲಿನಲ್ಲಿಯೇ ಮುಗಿಸಿ; ಚಿಕ್ಕ ಮಕ್ಕಳನ್ನು ಆ ದಿನ ಗೊಬ್ಬರದ ಬಲೆಗೂಡಿಗೆ ಒಣ ಎಲೆ ತುಂಬುವ ಕೆಲಸಕ್ಕೆ ಹಾಕಿ.